ಅಕ್ಷರದ ಮೂರನೆಯ ರೂಪ

ಅಕ್ಷರವೆಂದರೆ ಕ್ಷರವಲ್ಲದ್ದು, ಅಳಿಯದೆ ಉಳಿಯುವಂಥದು ಎಂದು ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ. ಹಳಗನ್ನಡ ವ್ಯಾಕರಣದ ಮೊದಲ ಪಾಠವನ್ನು ಈ ನಿರುಕ್ತಿಯಿಂದ ಪ್ರಾರಂಭಿಸುವುದು ನಮ್ಮ ಗುರುಗಳಿಂದ ನನಗೆ ಬಂದ ವಾಡಿಕೆ. ಹುಡುಗರು ಅದನ್ನು ಬರೆದುಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಹಾಗೆಯೇ ಒಪ್ಪಿಸುತ್ತಾರೆ. ಅವರು ನಂಬುತ್ತಾರೋ ಇಲ್ಲವೋ ತಿಳಿಯದು, ನಾನಂತೂ ನಂಬಿದ್ದೆ. ೨೦೨೪ರ ಮಳೆಗಾಲದ ಒಂದು ಸಂಜೆ ಆ ನಂಬಿಕೆ ಚೆನ್ನಾಗಿಯೇ ಅಲುಗಿತು. ಅದು ಹೇಗೆಂಬುದನ್ನು ಹೇಳಹೊರಟರೆ ಗಣಕಯಂತ್ರದ ವಿಷಯವನ್ನು ಎತ್ತಲೇಬೇಕಾಗುತ್ತದೆ. ಕನ್ನಡ ಮೇಷ್ಟರಿಗೇಕೆ ಈ ಉಸಾಬರಿ ಎಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ, ಆದರೆ ಈ ಯಂತ್ರದ ಹೊಟ್ಟೆಯೊಳಗೆ ಈಗ ಕನ್ನಡವೇ ಹೋಗಿ ಕುಳಿತಿರುವಾಗ, ಅಲ್ಲಿ ಅದರ ಸ್ಥಿತಿಗತಿಯೇನು ಎಂದು ವಿಚಾರಿಸದೆ ಇರುವುದು ಹೇಗೆ?

ಪ್ರೌಢಶಾಲೆಯಲ್ಲಿ ನನಗೆ ಕನ್ನಡ ಕಲಿಸಿದ ಮೇಷ್ಟ್ರೊಬ್ಬರಿದ್ದರು. ಹಾಸನ ಜಿಲ್ಲೆಯಲ್ಲಿ ತಮಗೆ ವರ್ಗವಾದ ಊರುಗಳಲ್ಲೆಲ್ಲ ಬೇಸಾಯಗಾರರ ಬಾಯಿಂದ ಮಾತುಗಳನ್ನು ಕೇಳಿ ಚೀಟಿಗಳಲ್ಲಿ ಗುರುತುಹಾಕಿಕೊಳ್ಳುವುದು ಅವರ ಹವ್ಯಾಸ. ನೊಗ, ಕುಳ, ಮೇಣಿ, ಮಿಣಿ, ಕುಂಟೆ, ಕಣದ ನಡುವಣ ಮೇಟಿ, ಕಾಳು ತುಂಬುವ ಹಗೇವು. ಪದಕ್ಕೆ ಬರಿಯ ಅರ್ಥವನ್ನು ಬರೆದು ಬಿಡುತ್ತಿರಲಿಲ್ಲ. ಯಾವ ಊರಿನಲ್ಲಿ, ಯಾವ ಕೆಲಸದ ನಡುವೆ ಕೇಳಿದ್ದು ಎಂಬುದೂ ಅದರ ಜೊತೆಗೆ ಇರುತ್ತಿತ್ತು. ನಿವೃತ್ತರಾದ ಮೇಲೆ, ೨೦೦೩ರಲ್ಲಿ, ಆ ಚೀಟಿಗಳ ಗಂಟನ್ನು ಪೇಟೆಯ ಡಿ.ಟಿ.ಪಿ. ಅಂಗಡಿಯೊಂದಕ್ಕೆ ಒಯ್ದರು. ಅಂಗಡಿಯ ಹುಡುಗನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತು, ನಾಲ್ಕು ತಿಂಗಳ ಕಾಲ, ಎರಡು ಸಾವಿರದ ಮುನ್ನೂರು ಪದಗಳನ್ನು ಬೆರಳಚ್ಚು ಮಾಡಿಸಿದರು. ಪುಸ್ತಕವಾಗುವ ಯೋಗ ಅದಕ್ಕೆ ಬರಲಿಲ್ಲ. ಆಗ ತಾನೇ ಎಂ.ಎ. ಮುಗಿಸಿದ್ದ ನನ್ನ ಕೈಗೆ ಒಂದು ಸಿ.ಡಿ.ಯನ್ನು ಕೊಟ್ಟು ಅವರೆಂದ ಮಾತು ಇನ್ನೂ ನೆನಪಿದೆ: “ಕಾಗದಕ್ಕೆ ಗೆದ್ದಲು ಹಿಡಿಯುತ್ತೆ ಕಣಯ್ಯಾ, ಇದಕ್ಕೆ ಹಿಡಿಯೋದಿಲ್ಲ. ನಿನ್ನ ಹತ್ತಿರ ಒಂದಿರಲಿ.” ೨೦೧೬ರಲ್ಲಿ ಅವರು ತೀರಿಕೊಂಡರು. ಮನೆ ಖಾಲಿಮಾಡುವ ಗಡಿಬಿಡಿಯಲ್ಲಿ ಚೀಟಿಗಳ ಗಂಟು ಎಲ್ಲಿಯೋ ಕಳೆದುಹೋಯಿತು. ಉಳಿದದ್ದು ನನ್ನ ಬೀರುವಿನಲ್ಲಿದ್ದ ಆ ತಟ್ಟೆಯೊಂದೇ.

ಅವರ ಮಗಳು ಅಮೆರಿಕದ ಸಿಯಾಟಲ್ ನಗರದಲ್ಲಿದ್ದಾಳೆ. ತಂದೆಯ ಪದಪಟ್ಟಿಯನ್ನು ಹೇಗಾದರೂ ಅಚ್ಚುಹಾಕಿಸಬೇಕೆಂದು ಅವಳು ಕೇಳಿದಾಗ, ಎಂಟು ವರ್ಷ ನಾನು ಸುಮ್ಮನಿದ್ದುದಕ್ಕೆ ನಾಚಿಕೆಯಾಗಿ ಸಿ.ಡಿ.ಯನ್ನು ಹುಡುಕಿ ತೆಗೆದೆನು. ಈಗಿನ ಗಣಕಗಳಲ್ಲಿ ಸಿ.ಡಿ. ಹಾಕುವ ಬಾಯೇ ಇಲ್ಲ. ಕಾಲೇಜಿನ ಪ್ರಯೋಗಾಲಯದ ಮೂಲೆಯಲ್ಲಿ ಧೂಳು ಹಿಡಿದು ಕುಳಿತಿದ್ದ ಒಂದು ಹಳೆಯ ಯಂತ್ರ, ನಮ್ಮಲ್ಲಿ ಬಿ.ಸಿ.ಎ. ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಕೈಗುಣದಿಂದ ಉಸಿರಾಡಿತು. ಫೈಲು ತೆರೆಯಿತು. ತೆರೆದದ್ದೇನೋ ಸರಿ, ಅದರಲ್ಲಿ ಕನ್ನಡದ ಒಂದಕ್ಷರವೂ ಇರಲಿಲ್ಲ! ಪುಟಪುಟಗಳ ತುಂಬ ಆಂಗ್ಲ ಅಕ್ಷರಗಳು, ತಲೆಯ ಮೇಲೆ ಓರೆಗೀಟು ಹೊತ್ತ ‘ಎ’ಗಳು, ಬ್ರಿಟಿಷರ ಪೌಂಡಿನ ಗುರುತು, ಜರ್ಮನರ ಯಾವುದೋ ಅಕ್ಷರ, ನಡುನಡುವೆ ಖಾಲಿ ಚೌಕಗಳು. ಗೆದ್ದಲು ತಿಂದಿದ್ದರೆ ಇದಕ್ಕಿಂತ ಗೌರವವಾಗಿ ತಿನ್ನುತ್ತಿತ್ತೆಂದು ನನಗೆ ಅನ್ನಿಸಿತು.

“ಸರ್, ಫೈಲು ಕೆಟ್ಟಿಲ್ಲ. ಫಾಂಟು ಇಲ್ಲ, ಅಷ್ಟೆ” ಎಂದಳು ಆ ಹುಡುಗಿ.

ಈ ‘ಅಷ್ಟೆ’ ಎಂಬ ಮಾತಿನೊಳಗೆ ಏನು ಅಡಗಿದೆ ಎಂಬುದನ್ನು ತಿಳಿದುಕೊಳ್ಳಲು ನನಗೆ ಒಂದು ವಾರ ಹಿಡಿಯಿತು. ತಿಳಿದಷ್ಟನ್ನು ನನ್ನಂತೆಯೇ ಈ ಯಂತ್ರವನ್ನು ದಿನವೂ ಬಳಸಿಯೂ ಅದರ ಒಳಗನ್ನು ಅರಿಯದವರಿಗಾಗಿ ಹೇಳುತ್ತೇನೆ.

ಗಣಕಯಂತ್ರ ಬಲ್ಲದ್ದು ಎರಡೇ ಸ್ಥಿತಿಗಳನ್ನು, ಉಂಟು, ಇಲ್ಲ. ಉಂಟಾದರೆ ೧, ಇಲ್ಲವಾದರೆ ೦. ಇಂಥ ಒಂದು ಸ್ಥಾನಕ್ಕೆ ಬಿಟ್ ಎಂದು ಹೆಸರು. ಎರಡೇ ಗುರುತುಗಳಿಂದ ಇಷ್ಟು ದೊಡ್ಡ ವ್ಯವಹಾರ ಹೇಗೆ ನಡೆಯುತ್ತದೆ ಎಂದು ಆಶ್ಚರ್ಯಪಡುವವರು ಛಂದಸ್ಸನ್ನು ನೆನೆದರೆ ಸಾಕು. ಅಲ್ಲಿಯೂ ಇರುವುದು ಲಘು, ಗುರು ಎರಡೇ. ಮೂರು ಸ್ಥಾನಗಳಿಗೆ ಪ್ರಸ್ತಾರ ಹಾಕಿದರೆ ಎಂಟು ಗಣಗಳು ಹುಟ್ಟುತ್ತವೆ. ಒಂಬತ್ತನೆಯ ಅಕ್ಷರಗಣವನ್ನು ಯಾವ ಕವಿಯೂ ತರಲಾರ. ಸ್ಥಾನ ಒಂದು ಹೆಚ್ಚಿದಂತೆಲ್ಲ ಪ್ರಸ್ತಾರ ಇಮ್ಮಡಿಯಾಗುತ್ತದೆ. ಎಂಟು ಸ್ಥಾನಗಳಿಗೆ ಹಾಕಿದರೆ ೨೫೬. ಈ ಎಂಟು ಸ್ಥಾನಗಳ ಕಟ್ಟಿಗೆ ಬೈಟ್ ಎನ್ನುತ್ತಾರೆ. ಅಂತೂ ಒಂದು ಬೈಟಿನಲ್ಲಿ ಸೊನ್ನೆಯಿಂದ ಇನ್ನೂರೈವತ್ತೈದರವರೆಗಿನ ಯಾವುದಾದರೊಂದು ಸಂಖ್ಯೆಯನ್ನು ಇಡಬಹುದು. ಯಂತ್ರದೊಳಗೆ ಇರುವುದು ಈ ಸಂಖ್ಯೆಗಳೇ. ಪತ್ರ, ಚಿತ್ರ, ಹಾಡು, ಬ್ಯಾಂಕಿನ ಲೆಕ್ಕ ಎಲ್ಲವೂ ಇವೇ. ಮೇಷ್ಟ್ರ ಸಿ.ಡಿ.ಯ ಮೇಲೆ ಲೇಸರು ಕಿರಣ ಬಣ್ಣದ ಪದರವನ್ನು ಸುಟ್ಟು ಮಾಡಿದ್ದ ಗುರುತುಗಳೂ ಇಂಥ ಉಂಟು-ಇಲ್ಲಗಳ ಸಾಲೇ. ಅವು ಇಪ್ಪತ್ತೊಂದು ವರ್ಷಗಳ ಅನಂತರವೂ ಚಾಚೂ ತಪ್ಪದೆ ಉಳಿದಿದ್ದವು. ಉಳಿಯದೆ ಇದ್ದದ್ದು ಬೇರೊಂದು.

ಯಾವ ಸಂಖ್ಯೆ ಯಾವ ಅಕ್ಷರಕ್ಕೆ ಎಂಬುದನ್ನು ಯಂತ್ರ ತಾನಾಗಿ ಅರಿಯದು. ಅದು ಮನುಷ್ಯರು ತಮ್ಮೊಳಗೆ ಮಾಡಿಕೊಂಡ ಒಡಂಬಡಿಕೆ. ೧೯೬೩ರಲ್ಲಿ ಅಮೆರಿಕನರು ಇಂಥ ಒಡಂಬಡಿಕೆಯೊಂದನ್ನು ಬರೆದರು. ‘ಆಸ್ಕಿ’ ಎಂದು ಅದರ ಹೆಸರು. ಅದರಲ್ಲಿ ಇರುವುದು ೧೨೮ ಸ್ಥಾನಗಳು. ಆಂಗ್ಲದ ದೊಡ್ಡ ‘ಎ’ಗೆ ೬೫, ‘ಬಿ’ಗೆ ೬೬, ಹೀಗೆ. ಅವರಿಗೆ ತಮ್ಮ ಇಪ್ಪತ್ತಾರು ಅಕ್ಷರ, ಅಂಕಿಗಳು, ವಿರಾಮಚಿಹ್ನೆಗಳು ಸಿಕ್ಕರೆ ತೀರಿತು. ಕನ್ನಡಕ್ಕೆ ಅಲ್ಲಿ ಮಣೆ ಹಾಕಿರಲಿಲ್ಲ. ಹೀಗಾಗಿ ನಮ್ಮವರು ೧೯೯೦ರ ದಶಕದಲ್ಲಿ ಒಂದು ಜಾಣತನದ ಉಪಾಯವನ್ನು ಹೂಡಿದರು. ಬೈಟಿನ ಸಂಖ್ಯೆಗಳು ಆಂಗ್ಲಕ್ಕೂ ಐರೋಪ್ಯ ಭಾಷೆಗಳಿಗೂ ಸೇರಿದವಾಗಿಯೇ ಇರಲಿ. ಆ ಸಂಖ್ಯೆ ಬಂದಾಗ ಪರದೆಯ ಮೇಲೆ ಬಿಡಿಸಬೇಕಾದ ಚಿತ್ರವನ್ನು ಮಾತ್ರ ಬದಲಿಸಿಬಿಡೋಣ. ಚಿತ್ರಗಳ ಈ ಪೆಟ್ಟಿಗೆಗೆ ಫಾಂಟು ಎಂದು ಹೆಸರು. ಆಂಗ್ಲದ ‘ಪಿ’ ಇದ್ದಲ್ಲಿ ತಲಕಟ್ಟಿಲ್ಲದ ಕಕಾರದ ಒಡಲನ್ನು ಬರೆದಿಟ್ಟರು. ಓರೆಗೀಟಿನ ‘ಎ’ ಇದ್ದಲ್ಲಿ ತಲಕಟ್ಟನ್ನು. ಎರಡೂ ಸೇರಿದರೆ ಕಣ್ಣಿಗೆ ‘ಕ’ ಕಾಣುತ್ತದೆ. ಯಂತ್ರ ಮಾತ್ರ ತಾನು ಯಾವುದೋ ಯೂರೋಪಿನ ಭಾಷೆಯನ್ನು ಇಟ್ಟುಕೊಂಡಿದ್ದೇನೆಂದೇ ತಿಳಿದಿರುತ್ತದೆ. ಮುಖವಾಡ ಧರಿಸಿದ ಪಾತ್ರಧಾರಿಯಂತೆ ಅಕ್ಷರ ನಿಂತಿತ್ತು. ಮುಖವಾಡ ಕಳಚಿದೊಡನೆ ಒಳಗಿದ್ದವನು ಹೊರಬಿದ್ದ.

ಈ ಉಪಾಯವನ್ನು ಹಳಿಯಲು ನನಗೆ ಮನಸ್ಸಿಲ್ಲ. ನಾಡಿನ ಪುಸ್ತಕ, ಲಗ್ನಪತ್ರಿಕೆ, ಪ್ರಶ್ನೆಪತ್ರಿಕೆಗಳೆಲ್ಲ ಹತ್ತಿಪ್ಪತ್ತು ವರ್ಷ ಅದರಿಂದಲೇ ಅಚ್ಚಾದವು. ಕನ್ನಡದ ಕೀಲಿಮಣೆಗೆ ಧ್ವನಿಯ ತರ್ಕವನ್ನು ತಂದ ಕೆ. ಪಿ. ರಾವ್ ಅಂಥವರ ಕೆಲಸದ ಋಣ ನಮ್ಮೆಲ್ಲರ ಮೇಲಿದೆ. ವ್ಯಂಜನವನ್ನು ಒತ್ತಿ, ಕೂಡಿಸುವ ಕೀಲಿಯನ್ನು ಒತ್ತಿ, ಮತ್ತೊಂದು ವ್ಯಂಜನವನ್ನು ಒತ್ತಿದರೆ ಒತ್ತಕ್ಷರ ಮೂಡುವುದೆಂಬ ಕ್ರಮ ನಮ್ಮ ವ್ಯಾಕರಣಕ್ಕೆ ಒಪ್ಪುವಂಥದು. ಕಾಗದದ ಮೇಲೆ ಮೂಡಿಸುವುದಷ್ಟೇ ಗುರಿಯಾಗಿದ್ದಾಗ ಮುಖವಾಡವೂ ಸಾಕಾಗುತ್ತಿತ್ತು.

ಆ ಹುಡುಗಿ ಹಳೆಯ ಫೈಲುಗಳನ್ನು ಪರಿವರ್ತಿಸುವ ತಂತ್ರಾಂಶಗಳು ಉಚಿತವಾಗಿಯೇ ಸಿಕ್ಕುತ್ತವೆಂದಳು. ಒಂದು ದಿನ ತಾಳು ಎಂದೆ. ೧೯೩೬ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ನಮ್ಮ ಜಿಲ್ಲೆಯದೇ ಆದ ಹಲ್ಮಿಡಿಯ ಶಾಸನವನ್ನು ಬೆಳಕಿಗೆ ತಂದುದನ್ನು ಪ್ರತಿವರ್ಷ ಪಾಠ ಹೇಳುವವನಿಗೆ, ಕೈಗೆ ಬಂದ ಶಾಸನವೊಂದನ್ನು ಓದದೆ ಬಿಡುವುದು ಸಾಧ್ಯವೆ? ಮೊದಲ ಸಾಲಿನ ಮೊದಲ ಪದ ‘ಕನ್ನಡ’ ಎಂಬುದು ನನಗೆ ಗೊತ್ತಿತ್ತು. ಪರದೆಯ ಮೇಲೆ ಅಲ್ಲಿ ಏಳು ಗುರುತುಗಳಿದ್ದವು. ಓರೆಗೀಟಿನ ‘ಎ’ ಮೂರು ಸಲ ಬಂದಿತ್ತು. ಕಡತದಲ್ಲೆಲ್ಲ ಅತಿ ಹೆಚ್ಚು ಸಲ ಬರುವ ಗುರುತು ಯಾವುದೆಂದು ಎಣಿಸಲು ಹೇಳಿದೆ, ಅದೂ ಅದೇ. ಕನ್ನಡದಲ್ಲಿ ಅಕಾರವೇ ಹೇರಳ. ಹಾಗಾದರೆ ಅದು ತಲಕಟ್ಟು! ಪೌಂಡಿನ ಗುರುತು ನಕಾರದ ಒಡಲು, ಜರ್ಮನರ ಅಕ್ಷರ ನಕಾರದ ಒತ್ತು, ಸಣ್ಣ ‘ಕ್ಯೂ’ ಡಕಾರದ ಒಡಲು. ಏಳು ಗುರುತುಗಳೂ ಒಡೆದವು. ಆ ಗಳಿಗೆಯಲ್ಲಿ ನನಗಾದ ಸಂತೋಷವನ್ನು ಕಂಡು ಹುಡುಗಿ ನಕ್ಕಳು, ನಗಲಿ.

ಕೇಶಿರಾಜನು ಅಕ್ಷರಕ್ಕೆ ಎರಡು ರೂಪಗಳನ್ನು ಹೇಳುತ್ತಾನೆ: ಕಿವಿಗೆ ಗೋಚರವಾಗುವ ಶ್ರಾವಣ, ಕಣ್ಣಿಗೆ ಗೋಚರವಾಗುವ ಚಾಕ್ಷುಷ. ಈ ಕಾಲದಲ್ಲಿ ಅಕ್ಷರಕ್ಕೆ ಮೂರನೆಯದೊಂದು ರೂಪ ಕೂಡಿಕೊಂಡಿದೆ. ಅದು ಕೇಳುವುದಿಲ್ಲ, ಕಾಣುವುದಿಲ್ಲ, ಅದೊಂದು ಸಂಖ್ಯೆ. ಹಳೆಯ ಫಾಂಟುಗಳ ಕಾಲದಲ್ಲಿ ನಮ್ಮ ಅಕ್ಷರಗಳಿಗೆ ಚಾಕ್ಷುಷ ರೂಪವಿತ್ತು, ಸ್ವಂತದ ಸಂಖ್ಯಾರೂಪವಿರಲಿಲ್ಲ. ಇದರ ಫಲವೇನೆಂಬುದು ಅರ್ಕಾವತ್ತಿನಲ್ಲಿ ಸ್ಪಷ್ಟವಾಗುತ್ತದೆ. ‘ಧರ್ಮ’ ಎಂಬಲ್ಲಿ ನಾವು ನುಡಿಯುವುದು ರಕಾರ ಮೊದಲು, ಮಕಾರ ಆಮೇಲೆ. ಬರೆಯುವಾಗ ಕಣ್ಣಿಗೆ ಮಕಾರ ಮುಂದು, ಅರ್ಕಾವತ್ತು ಹಿಂದು. ಹಳೆಯ ಕಡತದಲ್ಲಿ ಕಣ್ಣಿನ ಕ್ರಮವೇ ಇತ್ತು. ಕಿವಿಯ ಕ್ರಮವನ್ನು ಯಂತ್ರಕ್ಕೆ ಯಾರೂ ಹೇಳಿರಲಿಲ್ಲ.

ಆ ಕೊರತೆಯನ್ನು ತುಂಬಿದ್ದು ಯೂನಿಕೋಡ್. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಪಟ್ಟಿಯಲ್ಲಿ ಬೇರೆಬೇರೆ ಸಂಖ್ಯೆಗಳನ್ನು ಕೊಡುವ ಈ ಒಡಂಬಡಿಕೆಯ ಮೊದಲ ಆವೃತ್ತಿ ೧೯೯೧ರಲ್ಲಿ ಹೊರಬಂದಿತು. ಅದರಲ್ಲಿಯೇ ಕನ್ನಡಕ್ಕೆ ೩೨೦೦ರಿಂದ ೩೩೨೭ರವರೆಗೆ ೧೨೮ ಸ್ಥಾನಗಳು ದೊರೆತಿದ್ದವು. ಭಾರತ ಸರ್ಕಾರದ ಕಡೆಯಿಂದ ಮೊದಲೇ ಸಿದ್ಧವಾಗಿದ್ದ ‘ಇಸ್ಕಿ’ ಎಂಬ ಸಂಕೇತಪಟ್ಟಿಯ ಜಾಡನ್ನು ಇದು ಹಿಡಿದದ್ದರಿಂದ ನಮ್ಮ ವರ್ಣಮಾಲೆಯ ಕ್ರಮ ಕೆಡಲಿಲ್ಲ. ತೆಲುಗಿನ ‘ಕ’ದ ಸಂಖ್ಯೆ ೩೦೯೩, ಅದಕ್ಕೆ ೧೨೮ನ್ನು ಕೂಡಿಸಿದರೆ ೩೨೨೧, ಅದೇ ಕನ್ನಡದ ‘ಕ’. ನೆರೆಮನೆಗಳೆರಡರಲ್ಲಿ ಅಡುಗೆಯ ಒಲೆ ಒಂದೇ ಮೂಲೆಯಲ್ಲಿದ್ದಂತೆ! ‘ಕನ್ನಡ’ ಎಂಬ ಪದ ಈಗ ೩೨೨೧, ೩೨೪೦, ೩೨೭೭, ೩೨೪೦, ೩೨೩೩ ಎಂಬ ಐದು ಸಂಖ್ಯೆಗಳು: ಕ, ನ, ಸ್ವರವನ್ನು ಕಳೆಯುವ ಗುರುತು, ಮತ್ತೆ ನ, ಡ. ನುಡಿಯುವ ಕ್ರಮವೇ ಬರೆದಿಡುವ ಕ್ರಮ. ಒತ್ತನ್ನು ಎಲ್ಲಿ ಇಡಬೇಕು, ಅರ್ಕಾವತ್ತನ್ನು ಎಲ್ಲಿ ತೂಗುಹಾಕಬೇಕು ಎಂಬುದು ಫಾಂಟಿನ ಹೊಣೆ. ಫಾಂಟು ಬದಲಾದರೆ ಅಕ್ಷರದ ಮೈಕಟ್ಟು ಬದಲಾದೀತು, ಅಕ್ಷರ ಬದಲಾಗದು.

ಹಾಗೆಂದು ಎಲ್ಲವೂ ನೆಟ್ಟಗಿದೆಯೆಂದಲ್ಲ. ಹಳಗನ್ನಡದ ‘ೞ’ಕಾರಕ್ಕೆ ೩೨೯೪ ಎಂಬ ಸ್ಥಾನವನ್ನು ಕೊಟ್ಟವರು ಅದರ ಹೆಸರನ್ನು ಬರೆಯುವಾಗ ಎಡವಿ, ‘ಕನ್ನಡದ ಫ ಅಕ್ಷರ’ ಎಂಬರ್ಥ ಬರುವಂತೆ ಬರೆದುಬಿಟ್ಟರು. ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬುದು ಅವರ ನಿಯಮ. ಆದುದರಿಂದ ಪಂಪನೂ ರನ್ನನೂ ಬಳಸಿದ ಆ ಅಕ್ಷರ ಜಗತ್ತಿನ ಗಣಕಗಳಲ್ಲೆಲ್ಲ ಇಂದಿಗೂ ತಪ್ಪು ಹೆಸರನ್ನು ಹೊತ್ತು ಓಡಾಡುತ್ತಿದೆ. ಇದು ತಪ್ಪೆಂದು ಪಕ್ಕದಲ್ಲಿ ಒಂದು ಟಿಪ್ಪಣಿಯನ್ನು ಮಾತ್ರ ಸೇರಿಸಿದ್ದಾರೆ. ನನಗೆ ಕೋಪ ಬಂದದ್ದು ನಿಜ. ಆದರೆ ಮೇಷ್ಟ್ರ ಕಡತವನ್ನು ಕಂಡ ಮೇಲೆ ಆ ನಿಯಮದ ಹಟ ನನಗೆ ಅರ್ಥವಾಯಿತು. ಒಡಂಬಡಿಕೆಯನ್ನು ಆಗಾಗ ತಿದ್ದುತ್ತ ಹೋದರೆ ಹಳೆಯ ಬರಹವನ್ನು ಓದುವವರು ಯಾರು?

ಪರಿವರ್ತನೆಯ ಕೆಲಸ ಒಂದು ಸಂಜೆಯಲ್ಲಿ ಮುಗಿಯಿತು. ಪದಗಳು ಒಂದೊಂದಾಗಿ ಕನ್ನಡವಾಗಿ ಎದ್ದು ನಿಂತವು. ನಲವತ್ತನಾಲ್ಕು ಪದಗಳಲ್ಲಿ ಮಾತ್ರ ಖಾಲಿ ಚೌಕ ಹಾಗೆಯೇ ಉಳಿದಿತ್ತು. ಹುಡುಗಿ ಚೌಕಗಳ ಹಿಂದಿನ ಸಂಖ್ಯೆಗಳನ್ನು ತೆಗೆದು ತೋರಿಸಿದಳು. ನಲವತ್ತೊಂದು ಕಡೆ ೧೫೭, ಮೂರು ಕಡೆ ೧೪೩. ಇವು ಎಲ್ಲರ ಪಟ್ಟಿಯಲ್ಲಿಯೂ ಬರಿದಾಗಿ ಬಿಟ್ಟಿದ್ದ ಸ್ಥಾನಗಳು. ಅಲ್ಲಿ ಮೇಷ್ಟ್ರೂ ಅಂಗಡಿಯ ಹುಡುಗನೂ ಸೇರಿ ತಮ್ಮದೇ ಎರಡು ಗುರುತುಗಳನ್ನು ಬರೆದು, ಆ ಒಂದು ಯಂತ್ರದ ಫಾಂಟಿನೊಳಗೆ ತುರುಕಿದ್ದರೆಂದು ಕಾಣುತ್ತದೆ. ಫಾಂಟು ಆ ಯಂತ್ರದೊಡನೆಯೇ ಹೋಯಿತು. ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲು ರಿಪೇರಿಯವರಿದ್ದಾರೆ. ಇಬ್ಬರೇ ಮಾಡಿಕೊಂಡ ಒಡಂಬಡಿಕೆ. ಒಬ್ಬರು ಇಲ್ಲ, ಇನ್ನೊಬ್ಬನ ಸುಳಿವಿಲ್ಲ.

ಮೇಷ್ಟ್ರ ಧ್ವನಿ ಕಿವಿಯಲ್ಲಿ ಇನ್ನೂ ಇರುವವಳು ಅವರ ಮಗಳೊಬ್ಬಳೇ. ಕಡತವನ್ನು ಅವಳಿಗೆ ಕಳುಹಿಸಿದೆನು. ಗುಂಡಿ ಒತ್ತಿದರೆ ಹೋಗುತ್ತದೆ, ನಿಜ. ಆದರೆ ಹೋಗುವ ಬಗೆಯೇನು?

ಇಲ್ಲಿಯೂ ನಡೆಯುವುದು ಒಡಂಬಡಿಕೆಯೇ. ನಮ್ಮ ಕಡತ ಸುಮಾರು ಎಂಟು ಲಕ್ಷ ಬೈಟುಗಳದು. ಹಳೆಯ ರೂಪದಲ್ಲಿ ಅದರ ಅರ್ಧದಷ್ಟೂ ಇರಲಿಲ್ಲ; ಯೂನಿಕೋಡಿನ ಸಂಖ್ಯೆಗಳನ್ನು ಬೈಟುಗಳಾಗಿ ಬಿಡಿಸುವ ವಾಡಿಕೆಯ ಕ್ರಮದಲ್ಲಿ ಆಂಗ್ಲದ ಅಕ್ಷರಕ್ಕೆ ಒಂದು ಬೈಟಾದರೆ ಕನ್ನಡದ್ದಕ್ಕೆ ಮೂರು ಬೇಕು. ಮೊದಲು ಬಂದವರಿಗೆ ಮುಂದಿನ ಸಾಲು ಎಂಬುದು ಎಲ್ಲ ಕಡೆಯೂ ಇದ್ದದ್ದೇ. ಈ ಗಂಟನ್ನು ಯಾರೂ ಇಡಿಯಾಗಿ ಹೊರುವುದಿಲ್ಲ. ಪುಸ್ತಕವೊಂದನ್ನು ಪೋಸ್ಟುಕಾರ್ಡುಗಳಲ್ಲಿ ನಕಲುಮಾಡಿ, ಒಂದೊಂದಕ್ಕೂ ಕ್ರಮಸಂಖ್ಯೆ ಹಾಕಿ, ಒಂದೊಂದರ ಮೇಲೂ ವಿಳಾಸ ಬರೆದು ಪೆಟ್ಟಿಗೆಗೆ ಹಾಕಿದಂತೆ ಅದನ್ನು ಸಾವಿರದೈನೂರು ಬೈಟಿಗೆ ಮೀರದ ಪೊಟ್ಟಣಗಳಾಗಿ ತುಂಡರಿಸುತ್ತಾರೆ. ನಮ್ಮದು ಏಳುನೂರರಷ್ಟು ಪೊಟ್ಟಣಗಳಾಗಿರಬೇಕು. ಅವೆಲ್ಲ ಒಂದೇ ದಾರಿಯಲ್ಲಿ ಹೋಗಬೇಕೆಂಬ ನಿಯಮವಿಲ್ಲ. ದಾರಿಯಲ್ಲಿನ ಪ್ರತಿಯೊಂದು ಕವಲಿನಲ್ಲಿಯೂ ರೂಟರು ಎಂಬ ಯಂತ್ರ ವಿಳಾಸವನ್ನು ನೋಡಿ ಮುಂದಿನ ಕವಲಿಗೆ ತಳ್ಳುತ್ತದೆ. ಇಡೀ ದಾರಿಯನ್ನು ಬಲ್ಲ ರೂಟರು ಒಂದೂ ಇಲ್ಲ. ಮುಂದಿನ ಒಂದು ಹೆಜ್ಜೆ ಗೊತ್ತಿದ್ದರೆ ಅದರ ಕರ್ತವ್ಯ ಮುಗಿಯಿತು.

ಪೊಟ್ಟಣದ ಮೇಲಿನ ವಿಳಾಸವೂ ಸಂಖ್ಯೆಯೇ. ಸೊನ್ನೆಯಿಂದ ಇನ್ನೂರೈವತ್ತೈದರೊಳಗಿನ ನಾಲ್ಕು ಸಂಖ್ಯೆಗಳನ್ನು ಚುಕ್ಕಿಯಿಟ್ಟು ಬರೆಯುವುದು ಹಳೆಯ ಕ್ರಮ. ಅದರಿಂದ ಸುಮಾರು ನಾಲ್ಕುನೂರ ಮೂವತ್ತು ಕೋಟಿ ವಿಳಾಸಗಳು ಹುಟ್ಟುತ್ತವೆ. ಅಷ್ಟೂ ಸಾಲದೆ ಹೋಗಿ ನೂರಿಪ್ಪತ್ತೆಂಟು ಬಿಟ್ಟುಗಳ ಹೊಸ ವಿಳಾಸಕ್ರಮವನ್ನು ತಂದಿದ್ದಾರೆ. ನಮ್ಮ ಮನೆಯ ಫೋನು, ಗಣಕಗಳಿಗೆಲ್ಲ ಹಳೆಯ ಕ್ರಮದಲ್ಲಿ ಹೊರಗಿನ ವಿಳಾಸ ಬೇರೆಬೇರೆಯಾಗಿರುವುದಿಲ್ಲ. ಮೂಲೆಯಲ್ಲಿ ಮಿಣುಕುವ ವೈಫೈ ಪೆಟ್ಟಿಗೆಯೇ ಮನೆಯ ಯಜಮಾನನಂತೆ ಎಲ್ಲರ ಪತ್ರಗಳನ್ನೂ ತನ್ನ ವಿಳಾಸದಿಂದ ಕಳುಹಿಸಿ, ಬಂದ ಉತ್ತರಗಳನ್ನು ಅವರವರಿಗೆ ಹಂಚುತ್ತದೆ. ಹೆಸರು ಹೇಳಿದರೆ ಸಂಖ್ಯೆಯನ್ನು ತಿಳಿಸುವ ದಫ್ತರಗಳೂ ಉಂಟು. ೧೯೮೩ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದ ಆ ಏರ್ಪಾಡಿಗೆ ಡಿ.ಎನ್.ಎಸ್. ಎಂಬ ಹೆಸರಿದೆ. ಅಂತರಜಾಲವೇ ನಿಂತಿತೆಂದು ನಾವು ಗೋಳಾಡುವಾಗ ಎಷ್ಟೋ ಸಲ ದಾರಿ ಸರಿಯಾಗಿಯೇ ಇದ್ದು, ಈ ದಫ್ತರದವನು ಉತ್ತರ ಕೊಡದೆ ಕುಳಿತಿರುತ್ತಾನೆ.

ದಾರಿಯಲ್ಲಿ ಪೊಟ್ಟಣ ಕಳೆದುಹೋದರೆ? ರಿಜಿಸ್ಟರ್ಡ್ ಅಂಚೆಗೆ ಹಿಂದೆ ಸ್ವೀಕೃತಿಯ ಚೀಟಿಯನ್ನು ಲಗತ್ತಿಸುತ್ತಿದ್ದುದನ್ನು ನನ್ನ ವಯಸ್ಸಿನವರು ಬಲ್ಲರು. ಆ ಕಡೆಯ ಯಂತ್ರ ಬಂದ ಪೊಟ್ಟಣಗಳಿಗೆ ‘ಸೇರಿತು’ ಎಂದು ಉತ್ತರ ಕಳುಹಿಸುತ್ತದೆ. ಉತ್ತರ ಬಾರದಿದ್ದರೆ ಈ ಕಡೆಯದು ಅದೇ ಪೊಟ್ಟಣವನ್ನು ಇನ್ನೊಮ್ಮೆ ಕಳುಹಿಸುತ್ತದೆ. ಹಿಂದುಮುಂದಾಗಿ ಬಂದವನ್ನು ಕ್ರಮಸಂಖ್ಯೆಯಂತೆ ಜೋಡಿಸುತ್ತಾರೆ. ವಿಂಟನ್ ಸರ್ಫ್, ರಾಬರ್ಟ್ ಕಾನ್ ಎಂಬ ಇಬ್ಬರು ೧೯೭೪ರಲ್ಲಿ ಪ್ರಕಟಿಸಿದ ವಿಚಾರ ಇದರ ಮೂಲ. ಅದಕ್ಕೆ ಮುಂಚೆ, ೧೯೬೯ರ ಅಕ್ಟೋಬರ್ ೨೯ರಂದು, ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡಿನ ಸಂಶೋಧನಾ ಸಂಸ್ಥೆಗೆ ದೂರದ ಎರಡು ಗಣಕಗಳ ನಡುವೆ ಒಂದು ಸಂದೇಶವನ್ನು ಕಳುಹಿಸಹೊರಟರು. ‘ಲಾಗಿನ್’ ಎಂಬ ಪದದ ಐದು ಅಕ್ಷರಗಳಲ್ಲಿ ‘ಎಲ್’, ‘ಓ’ ಎಂಬ ಎರಡು ಹೋಗುವಷ್ಟರಲ್ಲಿ ಆ ಕಡೆಯ ಯಂತ್ರ ಕುಸಿದುಬಿತ್ತು. ಇಂದಿನ ಈ ಮಹಾಜಾಲದ ಮೊದಲ ಮಾತೇ ತೊದಲು!

ನಮ್ಮ ಏಳುನೂರು ಪೊಟ್ಟಣಗಳು ಮುಂಬಯಿಯಿಂದಲೋ ಚೆನ್ನೈಯಿಂದಲೋ ಸಮುದ್ರಕ್ಕಿಳಿದವೋ ನಾನರಿಯೆ. ಎರಡು ಕಡೆಯೂ ಕಡಲತಳದ ತಂತಿಗಳು ದಡ ಮುಟ್ಟುತ್ತವೆ. ಆ ತಂತಿಯೊಳಗಿನ ಕೂದಲೆಳೆಯಂಥ ಗಾಜಿನ ನೂಲಿನಲ್ಲಿ ಬೆಳಕು ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರಿನಂತೆ ಓಡುತ್ತದೆ. ಇಪ್ಪತ್ತು ಸಾವಿರ ಕಿಲೋಮೀಟರಿನ ದಾರಿಗೆ ಸೆಕೆಂಡಿನ ಹತ್ತನೆಯ ಒಂದು ಪಾಲು ಸಾಕು. ಉಪಗ್ರಹದಿಂದ ಎಲ್ಲವೂ ಬರುತ್ತದೆಂದು ನಂಬಿದ್ದವರಲ್ಲಿ ನಾನೂ ಒಬ್ಬ. ಖಂಡದಿಂದ ಖಂಡಕ್ಕೆ ಹೋಗುವ ಮಾತಿನ ಬಹುಪಾಲು ಕಡಲ ಕೆಳಗೇ ಹೋಗುತ್ತದೆಂದು ಈಚೆಗೆ ತಿಳಿದುಕೊಂಡೆ. ‘ಕ್ಲೌಡ್’ ಎಂದು ಮೋಡದ ಹೆಸರಿನಿಂದ ಕರೆಯುವ ಉಗ್ರಾಣವೂ ಆಕಾಶದಲ್ಲಿಲ್ಲ. ಯಾವುದೋ ಊರಿನ ಕಟ್ಟಡದಲ್ಲಿ ಸಾಲಾಗಿ ಜೋಡಿಸಿಟ್ಟ, ಬೇರೆಯವರಿಗೆ ಸೇರಿದ ಗಣಕಗಳು ಅವು.

ಒಂದು ಭಾನುವಾರ ಬೆಳಿಗ್ಗೆ, ಅವಳಿಗೆ ಅದು ಶನಿವಾರದ ರಾತ್ರಿ, ಅಂತರಜಾಲದ ಕರೆಯಲ್ಲಿ ಇಬ್ಬರೂ ಪಟ್ಟಿಯನ್ನು ಹಿಡಿದು ಕುಳಿತೆವು. ಚೌಕವಿದ್ದ ಪದಗಳನ್ನು ಅರ್ಥದ ನೆರವಿನಿಂದ ಊಹಿಸಿ ಅವಳು ಓದಬೇಕು, ನಾನು ಕೇಳಬೇಕು. ನೀರೆತ್ತುವ ಏತ, ಬೇಸಾಯ, ಮೇಕೆ, ಬೇಳೆ. ಏಳೆಂಟು ಪದಗಳಾಗುವಷ್ಟರಲ್ಲಿ ಅವಳೇ ತಡೆದಳು. “ಅಣ್ಣಾ, ಇವೆಲ್ಲ ಒಂದೇ ಥರ. ಅಪ್ಪ ಹಳ್ಳಿಯವರ ಹಾಗೆ ಬಾಯಿ ಅಗಲ ಮಾಡಿ ಹೇಳಿ ತೋರಿಸೋರು, ನೋಡು” ಎಂದು ಏತವನ್ನು ತಂದೆಯ ಧಾಟಿಯಲ್ಲಿ ಹೇಳಲು ಹೊರಟಳು. ಅಷ್ಟರಲ್ಲಿ ಧ್ವನಿ ಕತ್ತರಿಸಿತು. ಕಡತದ ಪೊಟ್ಟಣ ಕಳೆದರೆ ಇನ್ನೊಮ್ಮೆ ಬರುತ್ತದೆ. ಧ್ವನಿಯ ಪೊಟ್ಟಣವನ್ನು ಸಾಮಾನ್ಯವಾಗಿ ಯಾರೂ ಕಾಯುವುದಿಲ್ಲ. ಮಾತಿನ ಓಟ ನಿಲ್ಲಬಾರದೆಂದು ಕಳೆದದ್ದನ್ನು ಬಿಟ್ಟು ಮುಂದೆ ಸಾಗುತ್ತಾರೆ. ಎರಡು ಬಗೆಯ ಒಡಂಬಡಿಕೆ, ಎರಡಕ್ಕೂ ತಕ್ಕ ಕಾರಣ. ಆದರೆ ಆ ಕ್ಷಣದಲ್ಲಿ ಕಳೆದುಹೋದದ್ದು ನಾನು ಕಾಯುತ್ತಿದ್ದ ಒಂದು ಸ್ವರವೇ ಆಗಿತ್ತು.

“ಇನ್ನೊಂದು ಸಲ ಹೇಳು ತಾಯಿ” ಎಂದೆ.

ಹೇಳಿದಳು. ಅದು ಏತವೂ ಅಲ್ಲ, ಯಾತವೂ ಅಲ್ಲ. ಗ್ರಾಂಥಿಕದ ಏಕಾರಕ್ಕೂ ಹಳ್ಳಿಗರ ಮಾತೆಂದು ನಾವು ಕತೆಗಳಲ್ಲಿ ಬರೆಯುವ ಯಾಕಾರಕ್ಕೂ ನಡುವಿನದು. ನಮ್ಮ ವರ್ಣಮಾಲೆಯಲ್ಲಿ ಅದಕ್ಕೆ ಅಕ್ಷರವಿಲ್ಲ. ಇಷ್ಟು ಸಣ್ಣ ಭೇದವನ್ನು ಕಾಯ್ದಿಡಬೇಕೆಂದೇ ಮೇಷ್ಟ್ರು ೧೫೭ನ್ನು ಹಿಡಿದುಕೊಂಡಿದ್ದರು! ನಲವತ್ತೊಂದು ಪದಗಳಿಗೂ ಅದು ಹೊಂದಿತು. ಏಕಾರದ ಮೇಲೆ ಒಂದು ಗುರುತನ್ನಿಟ್ಟು, ಮುನ್ನುಡಿಯಲ್ಲಿ ಅದರ ವಿವರಣೆಯನ್ನು ಬರೆಯುವುದೆಂದು ನಿಶ್ಚಯಿಸಿದೆವು; ಈ ಸಲ ವಿವರಣೆ ಕಡತದೊಳಗೇ ಇರುತ್ತದೆ. ಧ್ವನಿಯನ್ನೂ ಅವಳು ಮುದ್ರಿಸಿ ಕಳುಹಿಸಿದ್ದಾಳೆ. ಕಡತದ ಪ್ರತಿಗಳು ಈಗ ನಾಲ್ಕು ಕಡೆ ಇವೆ. ಒಂದು ಕಾಗದದ ಮೇಲೆ, ಗೆದ್ದಲಿನ ಭಯ ಇದ್ದರೂ.

೧೪೩ ಎಂಬುದು ಮಾತ್ರ ಅವಳಿಗೂ ತಿಳಿಯಲಿಲ್ಲ. ಮೂರು ಪದಗಳಲ್ಲಿ ಅಕ್ಷರದ ಜಾಗದಲ್ಲಿ ಆ ಸಂಖ್ಯೆಯನ್ನೇ ಬಿಟ್ಟಿದ್ದೇವೆ. ಅವುಗಳಲ್ಲಿ ಒಂದು ‘ಕ’ಕಾರದಿಂದ ಮೊದಲಾಗಿ ‘ಲು’ ಎಂದು ಮುಗಿಯುತ್ತದೆ, ನಡುವೆ ಚೌಕ. ಅರಸೀಕೆರೆಯ ಕಡೆ ಕೇಳಿದ್ದೆಂದು ಮೇಷ್ಟ್ರು ಬರೆದಿದ್ದಾರೆ. ಅರ್ಥವನ್ನೂ ಬರೆದಿದ್ದಾರೆ: ಬಾವಿಯ ಕಟ್ಟೆಯ ಕಲ್ಲಿನ ಮೇಲೆ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೆರೆ. ಆ ಗೆರೆಯನ್ನು ಅಲ್ಲಿ ಏನೆಂದು ಕರೆಯುತ್ತಿದ್ದರೆಂಬುದನ್ನು ವಾಚಕರಲ್ಲಿ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.